ಕೈಗುಣದ ಪಾಲು

ಹುಚ್ಚರಂಗಯ್ಯ ತೀರಿಕೊಂಡ ಮೇಲೆ ಅವನ ಇಬ್ಬರು ಮಕ್ಕಳು ತೆಂಗಿನ ತೋಟವನ್ನು ಒಂದೇ ಬೆಳಿಗ್ಗೆಯಲ್ಲಿ ಪಾಲು ಮಾಡಿಕೊಂಡರು. ಮರಕ್ಕೆ ಮರ ಸಮ ಹಾಕಿ, ಕಾಯಿ ಬಿಡದ ಮರಕ್ಕೆ ಕಾಯಿ ಬಿಡದ ಮರವನ್ನೇ ಎದುರಿಟ್ಟು, ಅಟ್ಟದ ಮೇಲಿನ ಕೊಬ್ಬರಿಯನ್ನೂ ಹಂಚಿಕೊಂಡರು. ದನ, ಹಿತ್ತಲಿನ ಹಲಸು, ಅವ್ವನ ಕಾಲದ ತಾಮ್ರದ ಹಂಡೆ, ಯಾವುದಕ್ಕೂ ದನಿ ಏರಲಿಲ್ಲ. ಬಾವಿಯೊಂದನ್ನು ಸೀಳಲಾಗದ್ದರಿಂದ ಅದು ಇಬ್ಬರಿಗೂ ಇರಲಿ ಎಂದರು. ಪಂಚಾಯ್ತಿಗೆಂದು ಹಾಲ್ಕುರಿಕೆಯಿಂದ ಬಂದಿದ್ದ ಶ್ರೀರಂಗಯ್ಯನವರು, ಇಷ್ಟು ಒಳ್ಳೆಯ ಅಣ್ಣತಮ್ಮಂದಿರನ್ನು ಕಂಡೇ ಇಲ್ಲವೆಂದು ಹೊಗಳಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಏಳುವುದರಲ್ಲಿದ್ದರು. ಆಗ ಕಿರಿಯವನಾದ ಭೀಮರಾಜು ಕೇಳಿದ:

"ಎಲ್ಲಾ ಆಯ್ತು. ಔಷಧಿ ಯಾರ ಪಾಲಿಗೆ?"

ಶ್ರೀರಂಗಯ್ಯನವರು ಮತ್ತೆ ಕೂತರು. ಅವತ್ತು ಅವರಿಗೆ ಮಧ್ಯಾಹ್ನದ ಊಟ ಸಿಕ್ಕಿದ್ದು ದೀಪ ಹಚ್ಚುವ ಹೊತ್ತಿಗೆ.

ಸುತ್ತಿನ ಊರುಗಳಲ್ಲಿ ಆ ಮನೆಗೆ ಕಾಮಾಲೆ ಮನೆ ಎಂದೇ ಹೆಸರು. ಕಣ್ಣು ಹಳದಿಯಾದವರು ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದೆಲ್ಲ ಭಾನುವಾರ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಬಂದು ಜಗುಲಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಹುಚ್ಚರಂಗಯ್ಯ ದಾರಿಯಲ್ಲಿ ಯಾರೊಡನೆಯೂ ಮಾತಾಡದೆ ಹೋಗಿ ಸೊಪ್ಪು ಕಿತ್ತು ತಂದು, ಕಲ್ಲಿನ ಮೇಲೆ ಅರೆದು, ಆಡಿನ ಹಾಲಿನಲ್ಲಿ ಕದಡಿ ಕುಡಿಸುತ್ತಿದ್ದ. ದುಡ್ಡು ಮುಟ್ಟುತ್ತಿರಲಿಲ್ಲ. ಕುಡಿದವರು "ಹೋಗಿ ಬತ್ತೀನಿ" ಅನ್ನದೆ, ಹಿಂದೆ ತಿರುಗಿ ನೋಡದೆ ಹೋಗಬೇಕು. ಎಣ್ಣೆ, ಉಪ್ಪು, ಅರಿಶಿನ, ತೆಂಗಿನಕಾಯಿ ಮುಟ್ಟದೆ ಪಥ್ಯ ಮಾಡಬೇಕು. ತೆಂಗಿನ ಸೀಮೆಯಲ್ಲಿ ಕಾಯಿ ಬಿಡುವುದೆಂದರೆ ಅರ್ಧ ಸನ್ಯಾಸವೇ. ಕೊಡುವವನು ತನ್ನ ಕೈಯಿಂದ ತಾನೇ ಕುಡಿದರೆ ಹತ್ತುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಸೊಪ್ಪಿನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅದರ ಗುಣ ಹಾರಿಹೋಗುತ್ತದೆ.

ಅದು ನೆಲನೆಲ್ಲಿ ಎಂದು ಊರಿನ ಕೂಸುಕುನ್ನಿಗೂ ಗೊತ್ತಿತ್ತು. ತೆಂಗಿನ ಪಾತಿಯಲ್ಲಿ, ಕಾಲುವೆಯ ಬದುವಿನಲ್ಲಿ, ಬೇಡವೆಂದರೂ ಅದು ಹುಟ್ಟುತ್ತಿತ್ತು. ತಿಪಟೂರಿನ ಮೆಡಿಕಲ್ ಸ್ಟೋರಿನಲ್ಲಿ ಸೀಸೆಯ ಮೇಲೆ ಅದರ ಚಿತ್ರವನ್ನೇ ಅಚ್ಚು ಹಾಕಿ ಮಾರುತ್ತಿದ್ದರು. ಆದರೂ ಗುಟ್ಟು ಗುಟ್ಟೇ. ಹುಚ್ಚರಂಗಯ್ಯ ಸೊಪ್ಪು ಕೀಳಲು ಬಗ್ಗಿದ್ದನ್ನು ಕಂಡರೆ, ಬಯಲಿಗೆ ಕೂತವರನ್ನು ಕಂಡ ಹಾಗೆ, ದಾರಿಹೋಕರು ಮರ್ಯಾದೆಯಿಂದ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದರು. ಯಾಕೆಂದರೆ ಸೊಪ್ಪು ಯಾರಿಗೆ ಬೇಕಾದರೂ ಸಿಕ್ಕೀತು, ಕೈಗುಣ ಸಿಕ್ಕೀತೇ? ಅದು ಆ ಮನೆಯ ಆಸ್ತಿ. ಆಸ್ತಿ ಅಂದ ಮೇಲೆ ಪಾಲಾಗಲೇಬೇಕಲ್ಲ.

"ಅಪ್ಪ ಪ್ರಾಣ ಬುಡೋವಾಗ ಬಲಗೈಲಿ ನನ್ನ ಕೈ ಹಿಡ್ಕೊಂಡಿತ್ತು. ಕೈಗುಣ ಅವತ್ತೇ ನನಗೆ ಬಂತು," ಎಂದ ಹಿರಿಯವನಾದ ವೆಂಕಟಯ್ಯ.

"ಎಡಗೈಲಿ ನನ್ನ ಕೈ ಹಿಡ್ಕೊಂಡಿತ್ತು. ನಿನ್ನ ಕೈ ಬುಟ್ಟ ಮೇಲೂ ನನ್ನದು ಬುಡ್ಲಿಲ್ಲ," ಎಂದ ಭೀಮರಾಜು.

"ಔಷಧಿ ಕೊಡೋದು ಬಲಗೈಲಿ ಕಣ್ಲಾ."

"ಗದ್ದ ಎತ್ತಿ ಹಿಡಿಯೋದು ಎಡಗೈಲಿ. ಗದ್ದ ಎತ್ತದೆ ಔಷಧಿ ಹೊಟ್ಟೆಗೆ ಹೆಂಗಣ್ಣ ಇಳೀತದೆ?"

ಶ್ರೀರಂಗಯ್ಯನವರು ಎಷ್ಟೋ ಜಮೀನಿನ ವ್ಯಾಜ್ಯ ತೀರಿಸಿದವರು. ಸತ್ತವನ ಎರಡು ಕೈಗಳನ್ನು ಪಾಲು ಮಾಡುವುದು ಅವರಿಗೂ ಹೊಸದು. ಕೊನೆಗೆ ತೀರ್ಪು ಕೊಟ್ಟರು. ಬಾವಿಯ ಸುತ್ತಿನ ನೆಲ ಹಿರಿಯವನ ಪಾಲಿಗೆ ಬಂದಿದೆ, ಸೊಪ್ಪು ಅಲ್ಲೇ ಹುಟ್ಟುವುದರಿಂದ ಸೊಪ್ಪು ಹಿರಿಯವನಿಗೆ. ಅರೆಯುವ ಕಲ್ಲು ಕಿರಿಯವನ ಪಾಲಿನ ಅಡಿಗೆಮನೆಯಲ್ಲಿ ಹೂತಿದೆ, ಕಲ್ಲು ಕಿರಿಯವನಿಗೆ. ಕೈಗುಣ ಅವರವರ ಕೈಗೆ ಬಂದಷ್ಟು.

ಇದಾದ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟರು, ಅಂಗಳದ ನಡುವೆ ಗೋಡೆ ಎಬ್ಬಿಸಿದರು. ಗೋಡೆಯ ಈಚೆ ವೆಂಕಟಯ್ಯ "ಮೂಲ ಸೊಪ್ಪಿನ ಕಾಮಾಲೆ ಔಷಧಿ" ಎಂದು ಬೋರ್ಡು ಹಾಕಿದ. ಆಚೆ ಭೀಮರಾಜು "ಮೂಲ ಕಲ್ಲಿನಲ್ಲಿ ಅರೆದದ್ದು, ನಮ್ಮಲ್ಲಿ ಮಾತ್ರ" ಎಂದು ಅದಕ್ಕಿಂತ ದೊಡ್ಡ ಬೋರ್ಡು ಹಾಕಿದ. ಸೊಪ್ಪನ್ನು ಅವನು ರಸ್ತೆ ಬದಿಯಲ್ಲಿ ಕಿತ್ತುಕೊಳ್ಳುತ್ತಿದ್ದ. ಕಲ್ಲಿಲ್ಲದ ವೆಂಕಟಯ್ಯ ಮಿಕ್ಸಿಗೆ ಹಾಕುತ್ತಿದ್ದ, ಅದರ ಸದ್ದು ಹೊರಗೆ ಕೇಳದಿರಲೆಂದು ಅವನ ಹೆಂಡತಿ ಕೆಂಪಕ್ಕ ಟೀವಿಯಲ್ಲಿ ಭಕ್ತಿಗೀತೆ ಜೋರಾಗಿ ಹಾಕುತ್ತಿದ್ದಳು. ರೋಗಿಗಳಿಗೆ ಮಾತ್ರ ಯಾವ ತೊಂದರೆಯೂ ಆಗಲಿಲ್ಲ. ಯಾವುದಕ್ಕೂ ಇರಲಿ ಎಂದು ಎರಡೂ ಕಡೆ ಕುಡಿದು ಹೋಗುತ್ತಿದ್ದರು.

ಹೆಂಗಸರಿಗೂ ಗೋಡೆ ಅಡ್ಡ ಬರಲಿಲ್ಲ. ಕೆಂಪಕ್ಕ ಮತ್ತು ಭೀಮರಾಜುವಿನ ಹೆಂಡತಿ ಮಂಗಳಾ, ಮಳೆ ಬಿದ್ದು ತೋಟ ಹಸಿರಾದ ಕೂಡಲೇ ಮೊದಲಿನ ಹಾಗೆಯೇ ಬೆರಕೆ ಸೊಪ್ಪಿಗೆ ಜೊತೆಯಾಗಿ ಹೋಗುತ್ತಿದ್ದರು. ಅಣ್ಣೆ, ಗೋಣಿ, ಗಣಿಕೆ, ಹೊನಗೊನ್ನೆ ಎಂದು ಕೈಗೆ ಸಿಕ್ಕಿದ ಸೊಪ್ಪನ್ನೆಲ್ಲ ಮಡಿಲಿಗೆ ತುಂಬಿಕೊಂಡು, ತೆಂಗಿನ ಬುಡದಲ್ಲಿ ಕೂತು ಸೋಸಿ ಹಂಚಿಕೊಳ್ಳುತ್ತಿದ್ದರು. ಸೊಪ್ಪಿನ ಜೊತೆಗೆ ಎರಡು ಮನೆಯ ಸುದ್ದಿಯೂ ಅಲ್ಲೇ ಹಂಚಿಕೆಯಾಗುತ್ತಿತ್ತು. ಗಂಡಂದಿರು ಗೋಡೆಗೆ ಕಿವಿ ಕೊಟ್ಟು ತಿಳಿಯಲು ಹೆಣಗುತ್ತಿದ್ದುದೆಲ್ಲ ಇವರಿಗೆ ಸೊಪ್ಪು ಸೋಸುವಷ್ಟರಲ್ಲಿ ತಿಳಿದುಹೋಗುತ್ತಿತ್ತು.

ಹೀಗಿರುವಾಗ ಒಂದು ದಿನ ವೆಂಕಟಯ್ಯನಿಗೆ ಊಟದ ವಾಸನೆಯೇ ಸೇರದಾಯಿತು. ಮೈಯಲ್ಲಿ ಸೋಲು. ಮೂತ್ರಕ್ಕೆ ಹೋದರೆ ತೆಂಗಿನ ಮಟ್ಟೆ ನೆನೆಸಿದ ನೀರಿನ ಬಣ್ಣ. ಎಷ್ಟೋ ಜನರ ಕಣ್ಣಿನ ರೆಪ್ಪೆ ಎಳೆದು ನೋಡಿದವನು, ತನ್ನ ರೆಪ್ಪೆ ಎಳೆದು ನೋಡಿಕೊಳ್ಳಲು ಕನ್ನಡಿಯ ಮುಂದೆ ನಿಂತ. ಕಣ್ಣು ಹಳದಿ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಮೊದಲ ಹೆದರಿಕೆ ಪ್ರಾಣದ್ದು. ಅದರ ಬೆನ್ನಿಗೇ ಬಂದ ಎರಡನೆಯದು ಇನ್ನೂ ದೊಡ್ಡದು: ಕಾಮಾಲೆ ಮನೆಯ ಯಜಮಾನನಿಗೇ ಕಾಮಾಲೆ ಎಂದರೆ ನಾಳೆ ಯಾರು ಬಂದು ಜಗುಲಿಯ ಮುಂದೆ ನಿಲ್ಲುತ್ತಾರೆ?

"ಕಣ್ಣು ತೋರ್ಸಿ ಇಲ್ಲಿ," ಎಂದಳು ಕೆಂಪಕ್ಕ.

"ಧೂಳು ಬಿದ್ದದೆ ಕಣೇ."

"ಧೂಳು ಅರಿಶಿನದ ಬಣ್ಣಕ್ಕೆ ಇರ್ತದಾ?"

ವೆಂಕಟಯ್ಯ ತಿಪಟೂರಿಗೆ ಹೋಗಿ ಕಪ್ಪು ಕನ್ನಡಕ ತಂದ. ಆ ಭಾನುವಾರ ಅದನ್ನು ಹಾಕಿಕೊಂಡೇ ಔಷಧಿ ಕೊಟ್ಟ. ಯಾರಾದರೂ ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ಮೂರು ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದ, ಒಂದೂ ಬೇಕಾಗಲಿಲ್ಲ. ಸಾಲಿನಲ್ಲಿ ನಿಂತವರೇ ಒಬ್ಬರಿಗೊಬ್ಬರು, "ಅಯ್ಯನ ಕಣ್ಣಲ್ಲಿ ಈಗ ಶಕ್ತಿ ಜಾಸ್ತಿ ಆಗ್ಬುಟ್ಟದೆ. ಬರಿಗಣ್ಣಲ್ಲಿ ನೋಡಿದ್ರೆ ನಮಗೆ ತಡೆಯಾಕಾಗಲ್ಲ," ಎಂದು ಹೇಳಿಕೊಂಡು ಕೈ ಮುಗಿದರು.

ಮನೆಯೊಳಗೆ ವೆಂಕಟಯ್ಯ ಕದ್ದು ತನ್ನ ಔಷಧಿಯನ್ನೇ ಕುಡಿದ. ತನ್ನ ಕೈಯಿಂದ ಹತ್ತುವುದಿಲ್ಲವೆಂದು ಕೆಂಪಕ್ಕನ ಕೈಯಿಂದ ಕುಡಿದ. ಕುಡಿದದ್ದೆಲ್ಲ ವಾಂತಿಯಾಯಿತು. ಉಪ್ಪಿಲ್ಲದ, ಕಾಯಿಯಿಲ್ಲದ ಗಣಿಕೆ ಸೊಪ್ಪಿನ ಸಾರನ್ನು ಮುಂದಿಟ್ಟರೆ ತಟ್ಟೆ ಸರಿಸಿದ. ತಾನು ಊರಿಗೆಲ್ಲ ಹೇಳುತ್ತಿದ್ದ ಪಥ್ಯ ಇಷ್ಟು ಕೆಟ್ಟ ರುಚಿಯದ್ದು ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಇನ್ನುಳಿದದ್ದು ಎರಡೇ ದಾರಿ. ಕೈಗುಣವಿರುವ ಇನ್ನೊಂದು ಕೈ ಗೋಡೆಯ ಆಚೆಗಿತ್ತು, ಅಲ್ಲಿಗೆ ಹೋದರೆ ಸೊಪ್ಪಿಗಿಂತ ಕಲ್ಲೇ ಮೇಲು ಎಂದು ಒಪ್ಪಿಕೊಂಡಂತೆ. ಆಸ್ಪತ್ರೆಗೆ ಹೋದರೆ ಸೊಪ್ಪೂ ಸುಳ್ಳು, ಕಲ್ಲೂ ಸುಳ್ಳು. ತಮ್ಮನೂ ಮುಳುಗುತ್ತಾನೆ ಎಂಬ ಒಂದು ಸಮಾಧಾನ ಆಸ್ಪತ್ರೆಯ ದಾರಿಯಲ್ಲಿತ್ತು.

"ತಿಪಟೂರಲ್ಲಾದ್ರೆ ಎಲ್ಲಾ ಗುರುತಿನೋರು. ಹಾಸನಕ್ಕೆ ಹೋಗಣ ನಡೀರಿ. ಅಲ್ಲಿ ನಿಮ್ಮನ್ನ ಯಾರು ಕಂಡವ್ರೆ?" ಎಂದಳು ಕೆಂಪಕ್ಕ. ಬುಧವಾರವೇ ಹೋಗಬೇಕೆಂದು ಅವಳು ಯಾಕೆ ಹಟ ಹಿಡಿದಳೆಂದು ಕೇಳುವಷ್ಟು ತ್ರಾಣ ವೆಂಕಟಯ್ಯನಲ್ಲಿ ಇರಲಿಲ್ಲ.

ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ, ಬಿಸಿಲು ಸುಡುತ್ತಿದ್ದರೂ ಮಂಕಿಕ್ಯಾಪು ಹಾಕಿಕೊಂಡು, ಕಪ್ಪು ಕನ್ನಡಕ ಇಟ್ಟುಕೊಂಡು ಒಬ್ಬ ಆಸಾಮಿ ಕೂತಿದ್ದ. ಅವನ ಪಕ್ಕದಲ್ಲಿ ಮಂಗಳಾ ಕೂತಿದ್ದಳು.

"ಏನಕ್ಕಾ, ಬಸ್ಸು ಬೇಗ ಸಿಕ್ತಾ?" ಎಂದು ಅವಳು ಕೆಂಪಕ್ಕನಿಗೆ ಜಾಗ ಬಿಟ್ಟಳು.

ವೆಂಕಟಯ್ಯನಿಗೆ ಬುಧವಾರದ ಮರ್ಮ ತಿಳಿಯಿತು. ಇದು ಬೆರಕೆ ಸೊಪ್ಪು ಸೋಸುತ್ತಾ ಮಾಡಿದ ಏರ್ಪಾಡು. ಅವನು ಬೆಂಚಿನ ಈ ತುದಿಯಲ್ಲಿ ಕೂತು ಬಾಗಿಲನ್ನು ನೋಡಿದ. ಮಂಕಿಕ್ಯಾಪಿನ ಭೀಮರಾಜು ಆ ತುದಿಯಲ್ಲಿ ಕಿಟಕಿಯನ್ನು ನೋಡಿದ. ನಡುವೆ ಹೆಂಗಸರಿಬ್ಬರೂ ಮನೆಯ ಹಸುವಿನ ವಿಚಾರ ಮಾತಾಡಿದರು.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದಳು.

"ಇಬ್ಬರ ತಂದೆ ಹೆಸರೂ ಹುಚ್ಚರಂಗಯ್ಯ ಅಂತಿದೆ. ನೀವು ಸಂಬಂಧಿಕರಾ?"

"ಅಲ್ಲ," ಎಂದರು ಇಬ್ಬರೂ ಒಂದೇ ಉಸಿರಿಗೆ.

"ಕುಡಿಯೋ ನೀರು ಎಲ್ಲಿಂದ?"

"ಬಾವೀದು," ಎಂದರು ಒಟ್ಟಿಗೇ. ಒಂದೇ ಬಾವಿ ಎಂದು ಹೊರಗಿನಿಂದ ಕೆಂಪಕ್ಕ ಸೇರಿಸಿದಳು.

"ಇತ್ತೀಚೆಗೆ ಬಾವಿ ಹತ್ತಿರ ಏನಾದ್ರೂ ಅಗೆಸಿದ್ರಾ?"

ತಮ್ಮ ಕಡೆಯ ಕಕ್ಕಸಿಗೂ ಬಾವಿಗೂ ನಡುವೆ ಗೋಡೆಗೆ ಪಾಯ ತೆಗೆಸಿದ್ದನ್ನು ಮಂಗಳಾ ಬಾಗಿಲಿನಿಂದ ಹೇಳಿದಳು. ಪಾಯ ಅಗೆಯುವಾಗ ಕಕ್ಕಸಿನ ಪೈಪಿಗೆ ಹಾರೆ ತಗುಲಿರಬೇಕು, ಕೊಳಕು ನೀರು ಬಾವಿಗೆ ಇಳಿದಿದೆ, ಅದರಿಂದಲೇ ಇಬ್ಬರಿಗೂ ಕಾಮಾಲೆ ಎಂದು ಡಾಕ್ಟರು ವಿವರಿಸಿದಳು. ತಮ್ಮನ ಮುಖ ನೋಡಬಾರದೆಂದು ಕಟ್ಟಿಸಿದ ಗೋಡೆಯ ದಯದಿಂದ ತಮ್ಮನ ಕಕ್ಕಸಿನ ನೀರನ್ನೇ ಕುಡಿದೆನೆಂದು ವೆಂಕಟಯ್ಯನಿಗೆ ಹೊಳೆಯಿತು. ಭೀಮರಾಜುವಿಗೂ ಹೊಳೆದಿರಬೇಕು, ಅವನು ಎದ್ದು ಹೊರಗೆ ಹೋಗಿ ಉಗಿದು ಬಂದ.

"ಹೆದರಬೇಡಿ. ಈ ಥರದ ಕಾಮಾಲೆ ತುಂಬಾ ಜನಕ್ಕೆ ರೆಸ್ಟ್ ತಗೊಂಡ್ರೆ ತಾನಾಗೇ ವಾಸಿಯಾಗುತ್ತೆ," ಎಂದಳು ಡಾಕ್ಟರು. "ಕೆಲವರಿಗೆ ಮಾತ್ರ ಲಿವರ್ ಕೆಡುತ್ತೆ. ಅದು ಯಾರಿಗೆ ಅಂತ ರಕ್ತ ನೋಡದೆ ಗೊತ್ತಾಗಲ್ಲ. ಬಸುರಿ ಹೆಂಗಸರಿಗೆ ಬಂದ್ರೆ ಒಂದು ದಿನಾನೂ ಕಾಯೋ ಹಾಗಿಲ್ಲ. ನಿಮ್ಮ ಕಡೆ ಯಾರೋ ಸೊಪ್ಪಿನ ರಸ ಕುಡಿಸಿ ಮನೇಲಿ ಮಲಗಿಸ್ತಾರಂತಲ್ಲ, ಅಲ್ಲಿಗೆ ಹೋಗಿ ಕೂತ್ಕೋಬೇಡಿ."

"ಯಾರೋ ಏನೋ, ನಮಗೆ ಗೊತ್ತಿಲ್ಲ," ಎಂದ ಭೀಮರಾಜು.

ತಾನಾಗೇ ವಾಸಿಯಾಗುತ್ತೆ! ಕೈಗೆ ಸೂಜಿ ಚುಚ್ಚಿಸಿಕೊಂಡು ಗ್ಲೂಕೋಸು ಹಾಕಿಸಿಕೊಂಡು ಮಲಗಿದ್ದಷ್ಟು ಹೊತ್ತೂ ವೆಂಕಟಯ್ಯನಿಗೆ ಆ ಮಾತೇ ಕಿವಿಯಲ್ಲಿ. ಹಾಗಾದರೆ ಅಪ್ಪ ವಾಸಿ ಮಾಡಿದ್ದು ತಾನಾಗೇ ವಾಸಿಯಾಗುವವರನ್ನೋ? ವಾಸಿಯಾಗದವರ ವಿಷಯದಲ್ಲಿ ಅಪ್ಪನದು ಒಂದೇ ಮಾತಿತ್ತು: ಪಥ್ಯ ಮುರಿದವ್ರೆ. ಸತ್ತವರು ಬಂದು, ಇಲ್ಲ ನಾವು ಮುರಿಯಲಿಲ್ಲ ಎಂದು ಹೇಳುವ ಹಾಗಿರಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಭೀಮರಾಜು ಹತ್ತಿರ ಬಂದು, ಎತ್ತಲೋ ನೋಡುತ್ತಾ, "ಅಣ್ಣ, ನಾನು ನಿನ್ನ ಇಲ್ಲಿ ನೋಡ್ಲಿಲ್ಲ," ಎಂದ.

"ನಾನೂ ನಿನ್ನ ನೋಡ್ಲಿಲ್ಲ ಕಣ್ಲಾ," ಎಂದ ವೆಂಕಟಯ್ಯ. ಪಾಲಾದ ಮೇಲೆ ಅಣ್ಣತಮ್ಮಂದಿರು ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಭಾನುವಾರ ಬಂತು. ವೆಂಕಟಯ್ಯ ಗೋಡೆ ಹಿಡಿದುಕೊಂಡು ಜಗುಲಿಗೆ ಬಂದು ಕೂತ. ಸಾಲಿನಲ್ಲಿ ಮೊದಲಿದ್ದವಳು ಹುಳಿಯಾರು ಕಡೆಯ ಹಟ್ಟಿಯಿಂದ ಬಂದ ಜಯಕ್ಕ. ಆಡಿನ ಹಾಲನ್ನು ತನ್ನ ಹಟ್ಟಿಯಿಂದಲೇ ತಂದಿದ್ದಳು. ಪಕ್ಕದಲ್ಲಿ ಅವಳ ಸೊಸೆ ಕೋಮಲಾ, ತುಂಬಿದ ಬಸುರಿ. ನಿಲ್ಲಲಾಗದೆ ಅತ್ತೆಯ ಹೆಗಲಿಗೆ ಒರಗಿದ್ದಳು. ಅವಳು ಕಣ್ಣೆತ್ತಿ ನೋಡಿದಳು. ಅರಿಶಿನಕ್ಕಿಂತ ಹಳದಿ.

ವೆಂಕಟಯ್ಯನ ಕೈಯಲ್ಲಿ ಲೋಟ ಇತ್ತು. ಕೊಟ್ಟುಬಿಟ್ಟರೆ ಮುಗಿಯಿತು, ಹಿಂದಕ್ಕೆ ನೋಡದೆ ಹೋಗುತ್ತಾರೆ. ಆಮೇಲೆ ಏನಾದರೂ ಆದರೆ ಪಥ್ಯ ಇದ್ದೇ ಇದೆಯಲ್ಲ. ಅವನು ಲೋಟ ಕೆಳಗಿಟ್ಟ.

"ಈಯಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗವ್ವ. ಈಗಲೇ."

"ಆಸ್ಪತ್ರೆಗೆ ಹೋಗೋದಾದ್ರೆ ಇಲ್ಲಿಗ್ಯಾಕೆ ಬತ್ತಿದ್ವಿ? ಔಷಧಿ ಕುಡಿಸ್ರಿ ಅಂದ್ರೆ," ಎಂದಳು ಜಯಕ್ಕ. "ನನ್ನ ಮಗನ್ನ ನಿಮ್ಮಪ್ಪನೇ ಉಳಿಸಿದ್ದು."

"ಈ ಸೊಪ್ಪಿಗೆ ಇದು ನಿಲ್ಲಲ್ಲ ಕಣವ್ವ."

"ನೀವೇ ಹಿಂಗಂದ್ರೆ?"

ಇಡೀ ಸಾಲು ಕಿವಿ ನಿಮಿರಿಸಿ ನಿಂತಿತ್ತು. ವೆಂಕಟಯ್ಯ ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ದಾರಿ ಹುಡುಕಿದ, ಸಿಗಲಿಲ್ಲ. ಅಂಗಿಯ ತೋಳು ಮೇಲಕ್ಕೆ ಎಳೆದು, ಸೂಜಿ ಚುಚ್ಚಿದ ಕಡೆ ಇನ್ನೂ ಕಪ್ಪಗಿದ್ದ ಕಲೆ ತೋರಿಸಿದ.

"ನನಗೇ ಕಾಮಾಲೆ ಬಂದಿತ್ತು. ನಾನೇ ಆಸ್ಪತ್ರೆಗೆ ಹೋಗಿ ಬಂದೆ. ಸಾಕಾ?"

ಮೊದಲು ಚೇತರಿಸಿಕೊಂಡವಳು ಜಯಕ್ಕ. ಸೊಸೆಯ ರೆಟ್ಟೆ ಹಿಡಿದಳು. "ಇವ್ರ ಕೈಗುಣ ಹೋಗ್ಬುಟ್ಟದೆ ಕಣೇ. ನಡಿ, ಕಲ್ಲಿನ ಮನೆಗೆ ಹೋಗಣ." ಅವಳ ಹಿಂದೆ ಸಾಲಿಗೆ ಸಾಲೇ ಎದ್ದು ಗೇಟು ದಾಟಿ ಆಚೆ ಮನೆಗೆ ತಿರುಗಿತು. ಜಗುಲಿಯ ಮುಂದೆ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ಹೋಗುವ ಮರ್ಯಾದೆ ಹೋಗಿಯಾಗಿತ್ತು. ಸುಮ್ಮನೆ ಒಳಗೆ ಹೋಗಿ ಮಲಗಬಹುದಿತ್ತು. ಆದರೆ ಆ ಹುಡುಗಿಯ ಕಣ್ಣು ಅವನನ್ನು ಮಲಗಲು ಬಿಡುವಂತಿರಲಿಲ್ಲ. ರಸ್ತೆಗೆ ಇಳಿದು, ಸುತ್ತು ಹಾಕಿಕೊಂಡು, ಪಾಲಾದ ಮೇಲೆ ಮೊದಲ ಸಲ ತಮ್ಮನ ಅಂಗಳಕ್ಕೆ ಕಾಲಿಟ್ಟ.

ಅಲ್ಲಿ ಭೀಮರಾಜು ಎಡಗೈಯಲ್ಲಿ ಕೋಮಲಾಳ ಗದ್ದ ಎತ್ತಿ, ಬಲಗೈಯಲ್ಲಿ ಲೋಟ ಹಿಡಿದಿದ್ದ. ಅಣ್ಣನ ಮನೆಯ ಸಾಲೂ ಸೇರಿ ಅವನ ಅಂಗಳ ತುಂಬಿತ್ತು. ಎಷ್ಟು ದಿನದಿಂದ ಕಾದಿದ್ದ ಗೆಲುವು ಅದು.

"ಭೀಮಾ, ಬ್ಯಾಡ ಕಣ್ಲಾ," ಎಂದ ವೆಂಕಟಯ್ಯ. "ಅವತ್ತು ಆಯಮ್ಮ ಹೇಳಿದ್ದು ನೀನೂ ಕೇಳ್ಸಿಕೊಂಡಿದ್ದೀಯ."

ಜನ ಭೀಮರಾಜುವಿನ ಮುಖ ನೋಡಿದರು. ಯಾವತ್ತು, ಯಾವ ಆಯಮ್ಮ ಎಂದು ಒಂದು ಮಾತು ಕೇಳಿದ್ದರೆ ಅಣ್ಣ ಸುಳ್ಳನಾಗುತ್ತಿದ್ದ, ಊರಿಗೆ ಇವನೊಬ್ಬನೇ ವೈದ್ಯನಾಗುತ್ತಿದ್ದ. ಭೀಮರಾಜು ಹುಡುಗಿಯ ಕಡೆ ನೋಡಿದ. ಹುಡುಗಿ ಕಣ್ಣು ಮುಚ್ಚಿಕೊಂಡು, ಔಷಧಿಗೆಂದು ಬಾಯಿ ತೆರೆದೇ ಕಾದಿದ್ದಳು.

"ಥೂ, ಹಾಳಾಗ್ಲಿ," ಎಂದು ಅವನು ಲೋಟವನ್ನು ಅಂಗಳಕ್ಕೆ ಚೆಲ್ಲಿದ. "ಅಣ್ಣ ಹೇಳ್ತಿರೋದು ನಿಜ. ಪಕ್ಕದಲ್ಲೇ ನಾನೂ ಸೂಜಿ ಹಾಕ್ಸಿಕೊಂಡು ಬಿದ್ದಿದ್ದೆ. ಮಂಗಳಾ, ಗಾಡಿ ಕೀ ತತ್ತಾರೇ!"

ತೆಂಗಿನಕಾಯಿ ಹೊರುವ ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ ಕೋಮಲಾಳನ್ನು ಮಲಗಿಸಿದರು. ಕೆಂಪಕ್ಕ, ಮಂಗಳಾ ಇಬ್ಬರೂ ಹತ್ತಿ ಕೂತರು. ಜಯಕ್ಕ ಅಣ್ಣತಮ್ಮಂದಿರಿಬ್ಬರಿಗೂ ಬೈಯುತ್ತಲೇ ಹತ್ತಿದಳು. ಅವತ್ತು ಸಂಜೆ ಎರಡು ಬೋರ್ಡೂ ಇಳಿದವು. ಮಾರನೆಯ ವಾರ ಪೈಪು ಸರಿಮಾಡಿಸಲು ಪಾಯ ಅಗೆದಾಗ ಗೋಡೆಯೂ ಅರ್ಧ ಬಿತ್ತು. ಉಳಿದರ್ಧವನ್ನು ಬೀಳಿಸುವ ಖರ್ಚು ಯಾರದೆಂದು ತೀರ್ಮಾನವಾಗದೆ ಅದು ಇನ್ನೂ ನಿಂತಿದೆ.

ಕೋಮಲಾ ದೊಡ್ಡಾಸ್ಪತ್ರೆಯಲ್ಲಿ ಬಹಳ ದಿನ ಇದ್ದಳು. ಗಂಡಾಂತರ ಕಳೆದು ಹೆಣ್ಣು ಕೂಸು ಹೆತ್ತಳು. ಹಗಲು ರಾತ್ರಿ ನೋಡಿಕೊಂಡ ಡಾಕ್ಟರುಗಳ ಹೆಸರು ಜಯಕ್ಕನಿಗೆ ನೆನಪಿರಲಿಲ್ಲ. ಹುಳಿಯಾರು ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವಳು ಹೇಳಿದ್ದು ಬೇರೆಯೇ: "ಔಷಧಿ ಕೊಡ್ಲೇ ಇಲ್ಲ ಕಣ್ರವ್ವ! ಅಣ್ಣ ಒಂದ್ಸಲ ಗದರಿದ, ತಮ್ಮ ಲೋಟ ಚೆಲ್ಲಿದ. ಅಷ್ಟೇಯ. ತಾಯಿ, ಕೂಸು ಎರಡೂ ಉಳ್ಕೊಂಡ್ವು."

ಮುಂದಿನ ಭಾನುವಾರಗಳಲ್ಲಿ ಸಾಲು ರಸ್ತೆಯವರೆಗೆ ಬೆಳೆಯಿತು. ವೆಂಕಟಯ್ಯ ಗೇಟಿಗೆ ಬೀಗ ಹಾಕಿದರೆ ಜನ ಗೇಟಿನ ಹೊರಗೇ ಕಾದರು. ಅವನು ಬಂದು, "ಇಲ್ಲಿ ಔಷಧಿ ಇಲ್ಲ, ಆಸ್ಪತ್ರೆಗೆ ಹೋಗ್ರಿ, ಎದ್ದೇಳ್ರಿ," ಎಂದು ಕೂಗಿದರೆ ಭಕ್ತಿಯಿಂದ ಕೈ ಮುಗಿದು, ಹಿಂದೆ ತಿರುಗಿ ನೋಡದೆ ನೇರ ಆಸ್ಪತ್ರೆಗೆ ಹೋದರು. ಹೋದವರು ವಾಸಿಯಾದರು. ಹೆಸರು ಕಾಮಾಲೆ ಮನೆಗೇ ಬಂತು. ಅಪ್ಪನ ಕಾಲದಲ್ಲೂ ಇಲ್ಲದಷ್ಟು ಹೆಸರು. ಮೊದಮೊದಲು ನಾಚಿಕೊಂಡು ಗದರುತ್ತಿದ್ದ ವೆಂಕಟಯ್ಯ ಬರಬರುತ್ತಾ ಗಂಟಲು ಸರಿಮಾಡಿಕೊಂಡು ಗದರಲು ಕಲಿತ. ಒಳಗೊಳಗೇ ಅವನಿಗೆ ಖುಷಿಯಾಗುತ್ತಿತ್ತು, ಅದನ್ನು ಸುಳ್ಳು ಎನ್ನಲಾಗದು.

ಒಂದು ಭಾನುವಾರ ದಂಡಿನಶಿವರದ ಕಡೆಯ ಒಬ್ಬ ಮುದುಕ ಮೊಮ್ಮಗಳನ್ನು ಕರೆದುಕೊಂಡು ಬಂದ. ವೆಂಕಟಯ್ಯ ಎಂದಿನಂತೆ ಎರಡು ಪಟ್ಟು ದನಿಯಲ್ಲಿ ಗದರಿದ. ಮುದುಕ ಕೈ ಮುಗಿಯಲಿಲ್ಲ. ಅಲ್ಲೇ ನಿಂತು ಅವನನ್ನು ನೋಡಿದ.

"ಇವಳ ಅವ್ವನ್ನೂ ಇಲ್ಲಿಗೇ ಕರ್ಕೊಂಡು ಬಂದಿದ್ದೆ ಕಣಪ್ಪ. ನಿಮ್ಮಪ್ಪ ಎಷ್ಟು ಮೆತ್ತಗೆ ಮಾತಾಡ್ಸಿ ಔಷಧಿ ಕುಡಿಸಿದ್ರು! ಉಪ್ಪೂ ಮುಟ್ಟದಂಗೆ ಪಥ್ಯ ಮಾಡಿದ್ಲು ನನ್ನ ಮಗಳು," ಎಂದ ಮುದುಕ. "ಅವತ್ತು ಅವರೂ ಹಿಂಗೇ ಒಂದ್ಸಲ ಗದರಿ ಕಳಿಸಿದ್ದಿದ್ರೆ."

ಸಾಲು ಕಾಯುತ್ತಿತ್ತು. ವೆಂಕಟಯ್ಯ ಜಗುಲಿಯಿಂದ ಇಳಿದು, ಆ ಹುಡುಗಿಯ ಕೈ ಹಿಡಿದುಕೊಂಡು, ತಾನೇ ಆಸ್ಪತ್ರೆಯ ಕಡೆಗೆ ಹೊರಟ.